ತನ್ನ ಕಾಲಿಗೆ ತಾನೇ ಕೊಡಲಿ ಹಾಕಿಕೊಳ್ಳುವವನ ಕಥೆ: ಕೊಡಗಿನ ಸೀರೀಸ್ ಬರೆಯಲು ಒಂದು ಸಮಗ್ರ ಮಾರ್ಗದರ್ಶಿ

ನನಗೊಬ್ಬರು ಚಿಕ್ಕಪ್ಪ ಇದ್ದರು. ಕಾಫಿ ಗಿಡದ ಕಸಿ, ಅಂದರೆ ಬೇಡದ ಕೊಂಬೆ ಸವರುವ ಕೆಲಸ, ಅವರಷ್ಟು ಚೆನ್ನಾಗಿ ಮಾಡುವವರು ನಮ್ಮ ಸುತ್ತಮುತ್ತ ಯಾರೂ ಇರಲಿಲ್ಲ. ಬೆಲೆ ಬಿದ್ದ ವರ್ಷ, ಮಳೆ ಕೈಕೊಟ್ಟ ವರ್ಷ ಅವರು ಕಲ್ಲಿನ ಹಾಗೆ ನಿಲ್ಲುತ್ತಿದ್ದರು. ಫಸಲು ತುಂಬಿ ಬಂದ ವರ್ಷವೇ ಹದ ತಪ್ಪುತ್ತಿದ್ದರು. ಕುಡಿತ ಜಾಸ್ತಿ ಆಗುತ್ತಿತ್ತು. ಸಾಲಕ್ಕೆ ಕಟ್ಟಬೇಕಾದ ಹಣ ಎಲ್ಲೋ ಕರಗುತ್ತಿತ್ತು. ಮನೆಗೆ ಯಾರಾದರೂ ಒಳ್ಳೆಯ ಮಾತು ತಂದರೆ ಅವರ ಜೊತೆ ಜಗಳ. ಚಿಕ್ಕಂದಿನಲ್ಲಿ ನಮಗೆ ಇದು ಒಗಟು. ಕಷ್ಟ ಬಂದಾಗ ಕುಡಿಯುತ್ತಾರೆ ಅಂತ ಎಲ್ಲರೂ ಹೇಳುತ್ತಾರಲ್ವಾ? ಇವರು ಸುಖ ಬಂದಾಗ ಕುಡಿಯುತ್ತಿದ್ದರು.

ಬೆಂಗಳೂರಿನಲ್ಲಿ ಕೆಲವು ವರ್ಷ ಧಾರಾವಾಹಿಗಳಿಗೆ ಸಂಭಾಷಣೆ ಬರೆದು ಊರಿಗೆ ವಾಪಸ್ ಬಂದ ಮೇಲೆ ಅವರ ಬಗ್ಗೆ ಬರೆಯಲು ಕೂತೆ. ಆಗ ಗೊತ್ತಾಯಿತು, ಇಂಥ ಮನುಷ್ಯನನ್ನು ದಿನಾ ಬರುವ ಸೀರಿಯಲ್ಲಿನ ಅಳತೆಯಲ್ಲಿ ಬರೆಯಲು ಆಗುವುದಿಲ್ಲ. ಅಲ್ಲಿ ಕೆಟ್ಟವರು ಬೇರೆ, ಒಳ್ಳೆಯವರು ಬೇರೆ. ಇವನು ಎರಡೂ ಹೌದು. ಇವನ ಕಥೆಯಲ್ಲಿ ನಗು ಬರುತ್ತದೆ, ಆ ನಗು ಮುಗಿಯುವ ಮೊದಲೇ ಗಂಟಲು ಕಟ್ಟುತ್ತದೆ. ಬೇರೆ ಭಾಷೆಗಳಲ್ಲಿ ಇದಕ್ಕೆ ಡ್ರಾಮೆಡಿ ಅಂತ ಹೆಸರು. ನಮ್ಮ ಜಿಲ್ಲೆಯ ಹುಡುಗ ಹುಡುಗಿಯರು ಈಗ ಇಂಥ ಕಥೆ ಬರೆಯಲು ಹೊರಟಿದ್ದಾರೆ. ಅವರಿಗೆ ಉಪಯೋಗ ಆಗಲಿ ಅಂತ, ನಾನು ಬರೆಯುತ್ತಾ ಕಲಿತ ಕ್ರಮವನ್ನು ಇಲ್ಲಿ ಇಡುತ್ತಿದ್ದೇನೆ.

ಹೆಜ್ಜೆ 1: ಅವನು ಯಾವಾಗ ಕೆಡಿಸಿಕೊಳ್ಳುತ್ತಾನೆ ಅನ್ನುವುದನ್ನು ಮೊದಲು ಹುಡುಕಿ

ಹೆಚ್ಚಿನವರು "ಯಾಕೆ" ಅನ್ನುವುದರಿಂದ ಶುರು ಮಾಡುತ್ತಾರೆ. ಅಪ್ಪ ಹೊಡೆಯುತ್ತಿದ್ದ, ಪ್ರೀತಿಸಿದವಳು ಬಿಟ್ಟುಹೋದಳು, ಹೀಗೆ. ಅದನ್ನು ಸದ್ಯಕ್ಕೆ ಪಕ್ಕಕ್ಕೆ ಇಡಿ. "ಯಾವಾಗ" ಅಂತ ಕೇಳಿ.

ನಾವು ಇಲ್ಲಿ ಒಬ್ಬನನ್ನು ಕಲ್ಪಿಸಿಕೊಳ್ಳೋಣ. ಹೆಸರು ಪೂವಯ್ಯ, ವಯಸ್ಸು 47, ವಿರಾಜಪೇಟೆಯ ಕಡೆ ಎಂಟು ಎಕರೆ ರೊಬಸ್ಟಾ ಕಾಫಿ ತೋಟ. ರೊಬಸ್ಟಾ ಬೆಳೆಯುವವರಿಗೆ ಗೊತ್ತಿರುವ ಒಂದು ವಿಷಯ ಇದೆ. ಫೆಬ್ರವರಿ-ಮಾರ್ಚ್‌ನಲ್ಲಿ ಹೂಮಳೆ ಬರಬೇಕು. ಬರದಿದ್ದರೆ ಸ್ಪ್ರಿಂಕ್ಲರ್ ಹಾಕಿ ಒಂದು, ಒಂದೂವರೆ ಇಂಚಿನಷ್ಟು ನೀರು ಕೊಡಬೇಕು. ಎಂಟು-ಹತ್ತು ದಿನದಲ್ಲಿ ತೋಟ ಬೆಳ್ಳಗಾಗುತ್ತದೆ. ಆ ಪರಿಮಳಕ್ಕೆ ಯಾರೂ ಮಾತಾಡುವುದಿಲ್ಲ, ಸುಮ್ನೆ ನಿಂತುಬಿಡುತ್ತಾರೆ. ಆದರೆ ಕೆಲಸ ಅಲ್ಲಿಗೆ ಮುಗಿಯಲಿಲ್ಲ. ಹದಿನೈದು-ಇಪ್ಪತ್ತು ದಿನ ಬಿಟ್ಟು ಮತ್ತೊಂದು ನೀರು ಬೇಕು. ಅದಕ್ಕೆ ಬ್ಯಾಕಿಂಗ್ ಅನ್ನುತ್ತೇವೆ. ಅದು ತಪ್ಪಿದರೆ ಹೂವು ಎಷ್ಟು ಚೆನ್ನಾಗಿ ಬಂದಿದ್ದರೂ ಕಾಯಿ ಸರಿಯಾಗಿ ನಿಲ್ಲುವುದಿಲ್ಲ.

ಪೂವಯ್ಯ ಹೂವು ಅರಳಿಸುತ್ತಾನೆ. ಊರೆಲ್ಲ ಬಂದು ನೋಡಿ ಹೊಗಳುತ್ತದೆ. ಬ್ಯಾಕಿಂಗ್ ನೀರು ಕೊಡುವುದಿಲ್ಲ.

ನಿಮ್ಮ ಇಡೀ ಸೀರೀಸ್ ಈ ಮೂರು ವಾಕ್ಯದಲ್ಲಿದೆ. ಮಗಳ ಜೊತೆ, ತಂಗಿಯ ಜೊತೆ, ಬಿಟ್ಟುಹೋದ ಹೆಂಡತಿಯ ಜೊತೆ ಅವನು ಮಾಡುವುದು ಇದನ್ನೇ. ಮೊದಲ ನೀರು ಹಾಕಲು ಅವನಂಥವನು ಇನ್ನೊಬ್ಬನಿಲ್ಲ. ಎರಡನೇ ನೀರಿನ ಹೊತ್ತಿಗೆ ಅವನು ಇರುವುದಿಲ್ಲ. ನಿಮ್ಮ ನಾಯಕ ತೋಟದವನೇ ಆಗಬೇಕಿಲ್ಲ. ಕುಶಾಲನಗರದಲ್ಲಿ ಟ್ಯಾಕ್ಸಿ ಓಡಿಸುವವನಿರಲಿ, ಮಡಿಕೇರಿಯ ಕನ್ನಡ ಮೇಷ್ಟ್ರಿರಲಿ, ಅವನ ಕೆಲಸದೊಳಗೇ ಇಂಥದ್ದೊಂದು ಜಾಗ ಇರುತ್ತದೆ. ಅದು ಸಿಗುವವರೆಗೆ ಒಂದು ದೃಶ್ಯವನ್ನೂ ಬರೆಯಬೇಡಿ. ನನಗೆ ನಾಲ್ಕು ತಿಂಗಳು ಹಿಡಿಯಿತು.

ಹೆಜ್ಜೆ 2: ಅವನಿಗೆ ಒಂದು ಕೆಲಸ ನಿಜವಾಗಿ ಚೆನ್ನಾಗಿ ಬರಲಿ

ನೋಡುವವರು ಎಂಟು ಸಂಚಿಕೆ ಇವನ ಜೊತೆ ಕೂರಬೇಕು. ಬರೀ ತಪ್ಪು ಮಾಡುವವನ ಜೊತೆ ಯಾರು ಕೂರುತ್ತಾರೆ? ಅದಕ್ಕೆ ಅವನು ಕೆಲಸ ಮಾಡುವುದನ್ನು ತೋರಿಸಿ. ಮರಗಸಿ ಮಾಡುವಾಗ, ಅಂದರೆ ನೆರಳಿನ ಮರ ಸವರುವಾಗ, ಯಾವ ಕೊಂಬೆ ಇಳಿಸಬೇಕು, ಯಾವುದು ನೆರಳಿಗೆ ಬೇಕು ಅಂತ ಕೆಳಗೆ ನಿಂತೇ ಹೇಳುವವನು. ಕಣದಲ್ಲಿ ಹರಡಿದ ಕಾಫಿಯನ್ನು ಮುಷ್ಟಿಯಲ್ಲಿ ಹಿಡಿದು ಅಲ್ಲಾಡಿಸಿ, ಸದ್ದಿನಲ್ಲೇ ಒಣಗಿದೆಯಾ ಇಲ್ಲವಾ ಅಂತ ತಿಳಿಯುವವನು. ಈ ದೃಶ್ಯಕ್ಕೆ ಮಾತು ಬೇಡ. ಒಂದು ನಿಮಿಷ ಸಾಕು.

ಹೆಜ್ಜೆ 3: ಬೆಲೆ ತೆರುವವರನ್ನು ಬರೆಯಿರಿ

ಹೊಸಬರು ಎಡವುವುದು ಇಲ್ಲೇ. ನಾಯಕನನ್ನು ಎಷ್ಟು ಪ್ರೀತಿಸುತ್ತಾರೆ ಅಂದರೆ, ಸುತ್ತಲಿನವರು ಅವನ ಕನ್ನಡಿ ಆಗಿಬಿಡುತ್ತಾರೆ. ಹೆಂಡತಿ ಅಳಲಿಕ್ಕೆ, ಅಮ್ಮ ಬೈಯಲಿಕ್ಕೆ, ಸ್ನೇಹಿತ ಬುದ್ಧಿ ಹೇಳಲಿಕ್ಕೆ. ಹಾಗೆ ಮಾಡಬೇಡಿ. ಅವನು ಕೆಡಿಸಿದ್ದನ್ನು ಯಾರೋ ಒಬ್ಬರು ಬೆಳಿಗ್ಗೆ ಎದ್ದು ಸರಿ ಮಾಡುತ್ತಿರುತ್ತಾರೆ. ಅವರ ದಿನಚರಿ ನಿಮಗೆ ಗೊತ್ತಿರಬೇಕು.

ಪೂವಯ್ಯನಿಗೆ ಒಬ್ಬಳು ತಂಗಿ ಇರಲಿ, ಮುತ್ತವ್ವ. ಗೋಣಿಕೊಪ್ಪದಲ್ಲಿ ಟೀಚರ್. ಅಣ್ಣ ಕಟ್ಟದ ಸಾಲದ ಕಂತನ್ನು ಅವಳು ತನ್ನ ಸಂಬಳದಿಂದ ಕಟ್ಟುತ್ತಾಳೆ. ಅದನ್ನು ಅವಳು ಹೇಳುವುದಿಲ್ಲ, ಅವನು ಕೇಳುವುದಿಲ್ಲ. ಆದರೆ ಅವಳಿಗೂ ಒಂದು ಆಸೆ ಇದೆ. ಮನೆಯ ಪಕ್ಕ ಒಂದು ಕೋಣೆ ಕಟ್ಟಿಸಬೇಕು. ಆ ಕೋಣೆ ಸೀರೀಸ್ ಪೂರ್ತಿ ಅರ್ಧಕ್ಕೆ ನಿಂತಿರುತ್ತದೆ. ಕಲ್ಲಿನ ಮೇಲೆ ಪಾಚಿ ಬೆಳೆಯುತ್ತದೆ. ಪೂವಯ್ಯ ಅದರ ಮುಂದೆಯೇ ದಿನಾ ಜೀಪ್ ನಿಲ್ಲಿಸುತ್ತಾನೆ.

ತೋಟದ ರೈಟ್ರು ಇನ್ನೊಬ್ಬರು. ಲೆಕ್ಕ ಬರೆಯುವವರು, ಎಲ್ಲವೂ ಗೊತ್ತಿರುವವರು, ಎಲ್ಲವನ್ನೂ ಹೇಳಲಾರದವರು. ಲೈನ್ ಮನೆಯಲ್ಲಿ ಇರುವ ಕೆಲಸಗಾರರ ಬಗ್ಗೆ ಒಂದು ಮಾತು. ಯರವರು, ಕುರುಬರು, ಈಗ ಅಸ್ಸಾಮಿನಿಂದ ಬಂದವರು, ಇವರನ್ನು ನಗಿಸುವ ಪಾತ್ರ ಮಾಡುವ ಕೆಟ್ಟ ಅಭ್ಯಾಸ ನಮಗಿದೆ. ಮಾಲೀಕ ಕೆಟ್ಟ ದಿನ ಕಳೆದರೆ ವಾರದ ಬಟವಾಡೆ ತಡವಾಗುತ್ತದೆ. ಅದರ ಪೆಟ್ಟು ಮೊದಲು ಬೀಳುವುದು ಅವರ ಅಡುಗೆಮನೆಗೆ. ಒಂದು ಸಂಚಿಕೆಯನ್ನು ಅವರ ಕಡೆಯಿಂದ ಬರೆಯಿರಿ. ಪೂವಯ್ಯ ಅದರಲ್ಲಿ ಎರಡೇ ಸಲ ಕಾಣಲಿ.

ಮಗಳು ದೇಚು, 19 ವರ್ಷ, ಬೆಂಗಳೂರಿನಲ್ಲಿ ಓದು. ಅವಳು ಅಪ್ಪನ ಹಾಗೆಯೇ ಇದ್ದಾಳೆ. ಇದು ಅವಳಿಗೆ ಗೊತ್ತು. ಅವಳಿಗೆ ಭಯ ಇರುವುದೂ ಅದಕ್ಕೇ.

ಹೆಜ್ಜೆ 4: ಕೊಡಗಿನ ವರ್ಷದ ಮೇಲೆ ಸಂಚಿಕೆಗಳನ್ನು ಜೋಡಿಸಿ

ಎಷ್ಟು ಸಂಚಿಕೆ? ಕಡಿಮೆ ಇರಲಿ. ಬ್ರಿಟನ್ನಿನ ಫ್ಲೀಬ್ಯಾಗ್ ಅನ್ನುವ ಸೀರೀಸ್ ಎರಡೇ ಸೀಸನ್, ಒಟ್ಟು 12 ಸಂಚಿಕೆಗೆ ಮುಗಿಯಿತು. ಇನ್ನೊಂದು ಕಡೆ, ತನ್ನ ಬದುಕನ್ನು ತಾನೇ ಕೆಡಿಸಿಕೊಳ್ಳುವ ನಟನೊಬ್ಬನ ಅಮೆರಿಕದ ಕಾರ್ಟೂನ್ ಸೀರೀಸ್ ಬೋಜ್ಯಾಕ್ ಹಾರ್ಸ್‌ಮನ್ 2014ರಿಂದ 2020ರವರೆಗೆ 6 ಸೀಸನ್, 77 ಸಂಚಿಕೆ ನಡೆಯಿತು. ಅಷ್ಟು ಉದ್ದ ಎಳೆಯಲು ದೊಡ್ಡ ಬರಹಗಾರರ ತಂಡ ಬೇಕು. ಒಬ್ಬರೇ ಬರೆಯುವುದಾದರೆ ಎಂಟು ಸಂಚಿಕೆ, ಒಂದೊಂದು ಅರ್ಧ ಗಂಟೆ.

ಆ ಎಂಟಕ್ಕೂ ಒಂದು ವರ್ಷ ಕೊಡಿ. ಈ ಹೂವಿನಿಂದ ಮುಂದಿನ ಹೂವಿನವರೆಗೆ. ನಮ್ಮ ಊರಿನ ಹಬ್ಬಗಳು ಇಂಥ ಕಥೆಗೆ ಹೇಳಿ ಮಾಡಿಸಿದ ಹಾಗಿವೆ. ಯಾಕೆಂದರೆ ಒಂದೊಂದು ಹಬ್ಬದಲ್ಲೂ ಮನುಷ್ಯ ಒಂದು ಜಾಗದಲ್ಲಿ ನಿಲ್ಲಲೇಬೇಕು. ಇಲ್ಲದಿದ್ದರೆ ಎಲ್ಲರಿಗೂ ಗೊತ್ತಾಗುತ್ತದೆ.

ಮೊದಲ ಸಂಚಿಕೆ ಹೂವು. ಎರಡನೆಯದರಲ್ಲಿ ಬ್ಯಾಕಿಂಗ್ ತಪ್ಪುತ್ತದೆ. ಯಾಕೆ ಅಂತ ಹೇಳಬೇಡಿ, ಅವನು ಆ ದಿನ ಮೈಸೂರಿನಲ್ಲಿ ಯಾವುದೋ ಹಳೆಯ ಜೀಪ್ ನೋಡುತ್ತಿರುತ್ತಾನೆ, ಅಷ್ಟೇ. ಮೂರನೆಯದು ಮಳೆಗಾಲ. ಕರೆಂಟ್ ಇಲ್ಲ, ಬಟ್ಟೆ ಒಣಗುವುದಿಲ್ಲ, ಮನೆಯೊಳಗೆ ಪೂವಯ್ಯ ಮತ್ತು ಅವನ ಅವ್ವ ಇಬ್ಬರೇ. ಕಕ್ಕಡ ತಿಂಗಳ ಹದಿನೆಂಟನೇ ದಿನ, ಆಗಸ್ಟ್ 3ರ ಹೊತ್ತಿಗೆ, ಮದ್ದು ಸೊಪ್ಪಿನ ಪಾಯಸ ಮಾಡುತ್ತೇವಲ್ಲ, ಅದನ್ನು ತಿಂದ ಮೇಲೆ ಮೂತ್ರ ಕೆಂಪಗೆ ಹೋಗುತ್ತದೆ. ಮಗಳ ಜೊತೆ ಬೆಂಗಳೂರಿನ ಗೆಳತಿ ಬಂದಿರಲಿ. ಯಾರೂ ಅವಳಿಗೆ ಮೊದಲೇ ಹೇಳಿರುವುದಿಲ್ಲ. ಬೆಳಿಗ್ಗೆ ಅವಳ ಕಿರುಚಾಟ, ಮನೆಯೆಲ್ಲ ನಗು. ಇಡೀ ಸೀರೀಸಿನಲ್ಲಿ ಅಪ್ಪ ಮಗಳು ಒಟ್ಟಿಗೆ ನಗುವುದು ಇಲ್ಲೊಂದೇ ಕಡೆ ಇರಲಿ. ಸಂಜೆಯ ಹೊತ್ತಿಗೆ ಪೂವಯ್ಯ ಅದನ್ನು ಕೆಡಿಸುತ್ತಾನೆ. ಒಳ್ಳೆಯ ದಿನ ಬಂತಲ್ಲ, ತಡೆಯಲಾಗಲಿಲ್ಲ ಅವನಿಗೆ.

ಸೆಪ್ಟೆಂಬರಿನ ಕೈಲ್‌ಪೊಳ್ದ್ ಹಬ್ಬಕ್ಕೆ ಕೋವಿ ತೊಳೆದು, ತೋಕ್‌ಪೂ ಅನ್ನುವ ಹೂವು ಸಿಕ್ಕಿಸಿ ಪೂಜೆ ಮಾಡುತ್ತಾರೆ. ಅಪ್ಪನ ಕೋವಿಯನ್ನು ಅವನು ವರ್ಷದಲ್ಲಿ ಅದೊಂದು ದಿನ ಮುಟ್ಟುತ್ತಾನೆ. ಅಪ್ಪನ ಬಗ್ಗೆ ನೀವು ಹೇಳಬೇಕಾದ್ದು ಏನಾದರೂ ಇದ್ದರೆ ಎಣ್ಣೆ ಒರೆಸುವ ಆ ಕೈಗಳಲ್ಲಿ ಹೇಳಿ. ಫ್ಲ್ಯಾಶ್‌ಬ್ಯಾಕ್ ಬೇಡ. ಅಕ್ಟೋಬರಿನಲ್ಲಿ ತಲಕಾವೇರಿಯ ತುಲಾ ಸಂಕ್ರಮಣ, ಅವ್ವ ಹೋಗಬೇಕು ಅನ್ನುತ್ತಾಳೆ.

ಹೊಸ ಭತ್ತ ಮನೆಗೆ ತರುವ ಹಬ್ಬ ಪುತ್ತರಿ. ಅದರ ಸಂಚಿಕೆಗೆ ನಾನು ಎಲ್ಲಕ್ಕಿಂತ ಹೆಚ್ಚು ಸಮಯ ಕೊಟ್ಟೆ. ನವೆಂಬರ್ ಕೊನೆ ಅಥವಾ ಡಿಸೆಂಬರ್. ಕಕ್ಕಬ್ಬೆಯ ಪಾಡಿ ಇಗ್ಗುತಪ್ಪ ದೇವಸ್ಥಾನದಲ್ಲಿ ಮುಹೂರ್ತ ನಿಗದಿಯಾಗುತ್ತದೆ. ರಾತ್ರಿ ಐನ್‌ಮನೆಯಲ್ಲಿ, ಅಂದರೆ ಹಿರಿಯರ ಮೂಲಮನೆಯಲ್ಲಿ, ಇಡೀ ಒಕ್ಕ, ಒಂದೇ ಮನೆತನದವರೆಲ್ಲ, ಸೇರುತ್ತದೆ. ಗದ್ದೆಗೆ ಹೋಗಿ, ಗುಂಡು ಹಾರಿಸಿ, ಕದಿರು ಕೊಯ್ದು "ಪೊಲಿ ಪೊಲಿ ದೇವಾ" ಅಂತ ಕೂಗುತ್ತಾ ವಾಪಸ್ ಬರುತ್ತಾರೆ. ಈ ಸಲ ಕದಿರು ಕೊಯ್ಯುವ ಗೌರವ ಪೂವಯ್ಯನಿಗೆ ಸಿಕ್ಕಿದೆ ಅಂದುಕೊಳ್ಳಿ. ಹಿರಿಯರು ಅವನನ್ನು ಮತ್ತೆ ನಂಬಿದ್ದಾರೆ. ಮುಹೂರ್ತಕ್ಕೆ ಹತ್ತು ನಿಮಿಷ. ಎಲ್ಲರೂ ಅಂಗಳದಲ್ಲಿ. ಅವನು ಎಲ್ಲಿ?

ಅವನು ಐನ್‌ಮನೆಯ ಹಿಂದೆ, ಕತ್ತಲಲ್ಲಿ, ಸರಿಯಾಗಿ ಬಟ್ಟೆ ಹಾಕಿಕೊಂಡು ನಿಂತಿದ್ದಾನೆ. ಕುಡಿದಿಲ್ಲ. ಸುಮ್ನೆ ನಿಂತಿದ್ದಾನೆ. ಗುಂಡಿನ ಸದ್ದು ಕೇಳುತ್ತದೆ. ಬೇರೆ ಯಾರೋ ಕೊಯ್ದರು. ಅವನು ಕುಡಿಯದೇ ಇದ್ದದ್ದು ಮುಖ್ಯ, ದಯವಿಟ್ಟು ಗಮನಿಸಿ. ಬಾಟಲಿಯನ್ನು ತೆಗೆದರೂ ಅವನ ಕಷ್ಟ ಹಾಗೇ ಉಳಿಯುತ್ತದೆ ಅಂತ ನೋಡುವವರಿಗೆ ಅಲ್ಲಿ ಗೊತ್ತಾಗಬೇಕು.

ಇಲ್ಲೇ ಇನ್ನೊಂದು ಎಚ್ಚರಿಕೆ. 2018ರ ಆಗಸ್ಟ್‌ನಲ್ಲಿ ಮಕ್ಕಂದೂರು, ಜೋಡುಪಾಲ, ಕಾಲೂರು ಕಡೆ ಗುಡ್ಡ ಕುಸಿದದ್ದು ನಮಗೆಲ್ಲ ನೆನಪಿದೆ. ನಾಯಕನ ಮನೆ ಅದರಲ್ಲಿ ಹೋಯಿತು ಅಂತ ಬರೆಯುವ ಆಸೆ ಬರುತ್ತದೆ. ನಾನೂ ಮೊದಲ ಕರಡಿನಲ್ಲಿ ಬರೆದಿದ್ದೆ, ಆಮೇಲೆ ಹರಿದು ಹಾಕಿದೆ. ಗುಡ್ಡ ಕುಸಿದವನಿಗೆ ನೋಡುವವರು ಎಲ್ಲವನ್ನೂ ಮಾಫಿ ಮಾಡುತ್ತಾರೆ. ಆಗ ಅವನು ತಾನೇ ಮಾಡಿಕೊಂಡದ್ದು ಮುಚ್ಚಿಹೋಗುತ್ತದೆ. ಮನೆ ಕಳೆದುಕೊಂಡವರ ನೋವು ಇವನ ನೆಪ ಆಗಬಾರದು.

ಹೆಜ್ಜೆ 5: ನಗು ಎಲ್ಲಿಂದ ಬರಬೇಕು

ಜೋಕಿನಿಂದ ಬರಬಾರದು. ನಮ್ಮ ಜನರ ನಡವಳಿಕೆಯಿಂದ ಬರಬೇಕು. ಒಂದು ದೃಶ್ಯವನ್ನು ಪೂರ್ತಿ ಹೇಳುತ್ತೇನೆ.

ಕೊಡವರ ಮದುವೆಯಲ್ಲಿ ಗಂಗಾಪೂಜೆ ಇದೆ. ಮದುಮಗಳು ಬಾವಿಯಿಂದ ನೀರಿನ ಕೊಡ ತಲೆ ಮೇಲೆ ಹೊತ್ತು ಬರುತ್ತಾಳೆ. ಗಂಡಿನ ಕಡೆಯವರು ವಾಲಗಕ್ಕೆ ದಾರಿಗಡ್ಡ ಕುಣಿಯುತ್ತಾರೆ, ಅವಳನ್ನು ಮುಂದೆ ಬಿಡುವುದಿಲ್ಲ. ಎಲ್ಲರಿಗೂ ಖುಷಿ ಕೊಡುವ ಆಟ. ಪೂವಯ್ಯನ ಅಕ್ಕನ ಮಗನ ಮದುವೆ. ಮಾವ ತಾನೇ, ಮುಂದೆ ನಿಂತು ಕುಣಿಯುತ್ತಾನೆ. ಚೆನ್ನಾಗಿಯೇ ಕುಣಿಯುತ್ತಾನೆ. ಚಪ್ಪಾಳೆ, ಶಿಳ್ಳೆ. ಹತ್ತು ನಿಮಿಷ. ಇಪ್ಪತ್ತು. ಉಳಿದವರು ಒಬ್ಬೊಬ್ಬರೇ ಪಕ್ಕಕ್ಕೆ ಸರಿಯುತ್ತಾರೆ. ಹೊತ್ತು ಮೀರಿದೆ. ಅವನು ನಿಲ್ಲಿಸುವುದಿಲ್ಲ. ಹುಡುಗಿಯ ಕುತ್ತಿಗೆಯ ನರ ಕಾಣುತ್ತದೆ. ಅವಳು ನಗುತ್ತಲೇ ಇದ್ದಾಳೆ, ಆದರೆ ಬಾಯಿ ಮಾತ್ರ ನಗುತ್ತಿದೆ. ವಾಲಗದವರು ಮುಖ ಮುಖ ನೋಡಿಕೊಳ್ಳುತ್ತಾರೆ. ಮುತ್ತವ್ವ ಬಂದು ಅವನ ತೋಳು ಹಿಡಿಯುತ್ತಾಳೆ.

"ಸಾಕು ಅಣ್ಣ."

"ಇನ್ನೊಂದು ಸುತ್ತು."

"ಅಣ್ಣ, ವಾಲಗ ನಿಂತಿದೆ."

ವಾಲಗ ನಿಂತ ಮೇಲೂ ಅವನು ಮೂರು ಹೆಜ್ಜೆ ಹಾಕುತ್ತಾನೆ.

ಮೊದಲ ಹತ್ತು ನಿಮಿಷದ ನಗು ಎಷ್ಟು ನಿಜವೋ, ಕೊನೆಯ ಮೂರು ಹೆಜ್ಜೆಯ ಸಂಕಟ ಅಷ್ಟು ಆಳಕ್ಕೆ ಇಳಿಯುತ್ತದೆ. ಹಾಗಾಗಿ ನಗುವ ಭಾಗವನ್ನು ಅವಸರದಲ್ಲಿ ಬರೆಯಬೇಡಿ. ನಗಿಸುವಾಗ ಪೂರ್ತಿ ನಗಿಸಿ. ತಿರುವು ಎಲ್ಲಿ ಆಯಿತು ಅಂತ ನೋಡುವವರಿಗೆ ಗೊತ್ತಾಗದ ಹಾಗೆ ದಾಟಿಸಿ.

ಕೊಡಗು ಅಂದರೆ ಮಂಜು, ಹಂದಿ ಕರಿ, ಕೋವಿ, ಕುಡಿತ ಅಂತ ಹೊರಗಿನವರು ತೋರಿಸಿದ್ದಾರೆ. ನಮ್ಮವರನ್ನು ನೋಡಿ ನಗುವ ಹಾಗೆ ಬರೆಯಬೇಡಿ. ನಮ್ಮವರು ನಗುವ ಹಾಗೆ ಬರೆಯಿರಿ. ಎರಡಕ್ಕೂ ತುಂಬಾ ವ್ಯತ್ಯಾಸ ಇದೆ.

ಹೆಜ್ಜೆ 6: ಮಾತು

ಕೊಡವ ತಕ್ಕ್, ಅರೆಭಾಷೆ, ಕನ್ನಡ, ಮಲಯಾಳಂ, ತುಳು, ಒಂದೇ ಸಂತೆಯಲ್ಲಿ ಎಲ್ಲ ಕೇಳುತ್ತದೆ. ಕನ್ನಡದಲ್ಲಿ ಬರೆಯಿರಿ, ಆದರೆ ಯಾರು ಯಾರ ಜೊತೆ ಯಾವ ಭಾಷೆಗೆ ಹೊರಳುತ್ತಾರೆ ಅನ್ನುವುದನ್ನು ಗುರುತು ಮಾಡಿಕೊಳ್ಳಿ. ಪೂವಯ್ಯ ಅವ್ವನ ಜೊತೆ ಕೊಡವ ತಕ್ಕ್ ಆಡುತ್ತಾನೆ. ಸುಳ್ಳು ಹೇಳುವಾಗ ಕನ್ನಡಕ್ಕೆ ಬರುತ್ತಾನೆ. ಅವ್ವನಿಗೆ ಅಷ್ಟರಲ್ಲೇ ತಿಳಿಯುತ್ತದೆ. ಇದನ್ನು ಯಾರೂ ಬಾಯಿಬಿಟ್ಟು ಹೇಳಬೇಕಾಗಿಲ್ಲ.

ಇನ್ನೊಂದು, ನಮ್ಮ ಗಂಡಸರು "ತಪ್ಪಾಯಿತು" ಅನ್ನುವುದಿಲ್ಲ. ಊಟ ಆಯಿತಾ ಅಂತ ಕೇಳುತ್ತಾರೆ. ಕ್ಷಮೆ ಕೇಳುವ ಉದ್ದದ ಡೈಲಾಗ್ ಬರೆದಿದ್ದರೆ ಹೊಡೆದು ಹಾಕಿ.

ಒಂದೇ ಒಂದು ಸಲ ಅವನು ತುಂಬಾ ಮಾತಾಡಬಹುದು. ಬೋಜ್ಯಾಕ್‌ನ ಐದನೇ ಸೀಸನ್ನಿನ ಆರನೇ ಸಂಚಿಕೆ ಹಾಗೆ ಇದೆ. ಅಮ್ಮನ ಅಂತ್ಯಕ್ರಿಯೆಯಲ್ಲಿ ಅವನೊಬ್ಬನೇ ನಿಂತು ಹೆಚ್ಚುಕಡಿಮೆ ಸಂಚಿಕೆ ಪೂರ್ತಿ ಮಾತಾಡುತ್ತಾನೆ. ಅದು ನಾಟುವುದು ಹಿಂದಿನ ಅಷ್ಟೂ ಸಂಚಿಕೆಗಳಲ್ಲಿ ಅವನು ಆ ಮಾತನ್ನು ನುಂಗಿಕೊಂಡಿದ್ದರಿಂದ. ನಮ್ಮಲ್ಲಿ ಸಾವಿನ ಸುದ್ದಿ ಎರಡು ಗುಂಡಿನಿಂದ ಊರಿಗೆ ತಿಳಿಯುತ್ತದೆ. ಅವ್ವ ಹೋದ ದಿನ ಗುಂಡು ಹಾರಿಸಬೇಕಾದವನು ಇವನು. ಅದೇ ಕೋವಿ, ಅದೇ ಕೈ. ನಾನಾದರೆ ಅಲ್ಲಿ ಮಾತನ್ನೇ ಇಡುವುದಿಲ್ಲ.

ಹೆಜ್ಜೆ 7: ಕಾಗದದ ಕೆಲಸ

ಮೊದಲು ಎಂಟೂ ಸಂಚಿಕೆಯ ಒನ್ ಲೈನ್ ಆರ್ಡರ್ ಬರೆಯಿರಿ. ಒಂದು ದೃಶ್ಯಕ್ಕೆ ಒಂದು ಸಾಲು. ಚಿತ್ರಕಥೆಯ ರೂಪದಲ್ಲಿ ಒಂದು ಪುಟ ಸುಮಾರು ಒಂದು ನಿಮಿಷ, ಹಾಗಾಗಿ ಒಂದು ಸಂಚಿಕೆಗೆ ಮೂವತ್ತು ಪುಟ ದಾಟಬಾರದು. ಸಂಚಿಕೆಯ ಮಧ್ಯದಲ್ಲಿ ಅವನಿಗೆ ಏನೋ ಒಳ್ಳೆಯದಾಗಬೇಕು. ಅದು ಮೊದಲ ಹೆಜ್ಜೆಯ ಲೆಕ್ಕ, ಒಳ್ಳೆಯದಾದ ಮೇಲೆಯೇ ಅವನು ಕೆಡಿಸಿಕೊಳ್ಳುವುದು. ಮಳೆಗಾಲದ ಹೊರಾಂಗಣ ದೃಶ್ಯ ಕಡಿಮೆ ಇಟ್ಟರೆ ಚಿತ್ರೀಕರಣ ಮಾಡುವವರು ನಿಮ್ಮನ್ನು ನೆನೆಯುತ್ತಾರೆ.

ನಮ್ಮ ಜಿಲ್ಲೆಯಲ್ಲಿ ರೈಲು ಇಲ್ಲ. ಹೊರಟುಹೋಗುವ ದೃಶ್ಯವೆಲ್ಲ ಬಸ್ ಸ್ಟ್ಯಾಂಡಿನಲ್ಲೇ ಆಗಬೇಕು. ಬಸ್ ತಡ ಆಗುತ್ತದೆ, ಬೀಳ್ಕೊಡಲು ಬಂದವರು ಹೇಳಬೇಕಾದ್ದನ್ನೆಲ್ಲ ಹೇಳಿ ಮುಗಿಸಿ ಸುಮ್ಮನೆ ನಿಂತಿರಬೇಕಾಗುತ್ತದೆ. ಆ ಸುಮ್ಮನೆ ನಿಂತ ಹೊತ್ತು ಚಿನ್ನ. ಬಿಡಬೇಡಿ.

ಹೆಜ್ಜೆ 8: ಅವನನ್ನು ಕ್ಷಮಿಸಬೇಕಾ?

ಬೋಜ್ಯಾಕ್‌ನ ಅದೇ ಐದನೇ ಸೀಸನ್ನಿನಲ್ಲಿ ಡಯಾನ್ ಅನ್ನುವ ಬರಹಗಾರ್ತಿಗೆ ಒಂದು ಚಿಂತೆ ಹತ್ತುತ್ತದೆ. ತಾನು ಬರೆದ ಕೆಟ್ಟ ನಾಯಕನನ್ನು ನೋಡಿ, ಕೆಟ್ಟದಾಗಿ ನಡೆದುಕೊಂಡವರಿಗೆ ಸಮಾಧಾನ ಸಿಗುತ್ತಿದೆಯಾ ಅಂತ. ಆ ಚಿಂತೆ ನಿಮಗೂ ಇರಲಿ. ಬರೆಯುವಾಗ ದಿನಾ ಇರಲಿ.

ನಾನು ಕಂಡುಕೊಂಡ ದಾರಿ ಇದು. ಅವನಿಗೆ ಶಿಕ್ಷೆ ಕೊಡುವುದೂ ನನ್ನ ಕೆಲಸ ಅಲ್ಲ, ಮಾಫಿ ಮಾಡುವುದೂ ಅಲ್ಲ. ಆದರೆ ಅವನು ಮಾಡಿದ ಒಂದೊಂದಕ್ಕೂ ಏನಾಯಿತು ಅಂತ ತೋರಿಸಲೇಬೇಕು. ಕಟ್ಟದ ಕಂತನ್ನು ಯಾರು ಕಟ್ಟಿದರು? ಬಟವಾಡೆ ತಪ್ಪಿದ ವಾರ ಲೈನ್ ಮನೆಯಲ್ಲಿ ಏನು ಬೇಯಿತು? ಅವನ ದುಃಖ ನಿಜ. ಅದು ಯಾರ ಹಸಿವನ್ನೂ ಕಡಿಮೆ ಮಾಡುವುದಿಲ್ಲ.

ಕುಡಿತ ಮತ್ತು ಸಾಯುವ ಯೋಚನೆ ಕಥೆಯಲ್ಲಿ ಬಂದರೆ ಹೇಗೆ, ಯಾವುದರಿಂದ ಅನ್ನುವ ವಿವರಕ್ಕೆ ಹೋಗಬೇಡಿ. ನೋಡುವವರಲ್ಲಿ ಪೂವಯ್ಯನಂಥವರು ಇರುತ್ತಾರೆ, ಅವರ ಮನೆಯವರೂ ಇರುತ್ತಾರೆ. ಸಂಚಿಕೆಯ ಕೊನೆಗೆ ಟೆಲಿ ಮಾನಸ್ ಸಹಾಯವಾಣಿಯ 14416 ನಂಬರ್ ಹಾಕಿ. ಅಲ್ಲಿ ಕನ್ನಡದಲ್ಲೂ ಮಾತಾಡಬಹುದು.

ಕೊನೆಯ ಸಂಚಿಕೆಯಲ್ಲಿ ಮತ್ತೆ ಹೂವು. ಹೂವು ಅರಳಿ ಹದಿನೆಂಟನೇ ದಿನ ಅವನು ಪಂಪ್‌ಹೌಸಿನ ಬೀಗ ತೆಗೆಯುತ್ತಾನೆ. ಪಂಪ್ ಸ್ಟಾರ್ಟ್ ಆಗಲಿ, ನೀರು ಬರಲಿ, ಮೋಸ ಮಾಡಬೇಡಿ. ಆದರೆ ನೋಡಲು ಅಲ್ಲಿ ಯಾರೂ ಇರಬಾರದು. ತಂಗಿ ಇಲ್ಲ, ಮಗಳು ಇಲ್ಲ, ಹೊಗಳುವವರು ಇಲ್ಲ. ಹೊಗಳಿಕೆ ಇಲ್ಲದ ಕೆಲಸವನ್ನು ಅವನು ಮೊದಲ ಸಲ ಮುಗಿಸುತ್ತಿದ್ದಾನೆ. ಮುತ್ತವ್ವನ ಕೋಣೆ ಇನ್ನೂ ಅರ್ಧಕ್ಕೇ ನಿಂತಿದೆ. ಜೀಪ್ ಮಾತ್ರ ಅದರ ಮುಂದೆ ಇಲ್ಲ.

ಹೆಜ್ಜೆ 9: ಇಂಥವರ ಜೊತೆ ಬದುಕಿದವರಿಗೆ ಓದಿ ಹೇಳಿ

ಸಿನಿಮಾದವರಿಗೆ, ಸ್ನೇಹಿತರಿಗೆ ಆಮೇಲೆ ಕೊಡಿ. ಮೊದಲು ಇಂಥ ಗಂಡಸಿನ ಜೊತೆ ವರ್ಷಗಟ್ಟಲೆ ಒಂದೇ ಮನೆಯಲ್ಲಿದ್ದ ಒಬ್ಬರನ್ನು ಕೂರಿಸಿಕೊಂಡು ಜೋರಾಗಿ ಓದಿ. ಅವರು ಒಪ್ಪಿದರೆ ಮಾತ್ರ. ಎಲ್ಲಿ ನಕ್ಕರು, ಎಲ್ಲಿ ಎದ್ದು ಒಲೆಯ ಕಡೆ ಹೋದರು ಅಂತ ಪಕ್ಕದಲ್ಲಿ ಗುರುತು ಹಾಕಿಕೊಳ್ಳಿ. ಏನನ್ನೂ ವಿವರಿಸಬೇಡಿ.

ನಾನು ಮೊದಲ ಸಂಚಿಕೆಯನ್ನು ಚಿಕ್ಕಮ್ಮನಿಗೆ ಓದಿ ಹೇಳಿದೆ. ಹೊರಗೆ ಮಳೆ ಹೊಯ್ಯುತ್ತಿತ್ತು, ಅರ್ಧಕ್ಕರ್ಧ ಕೂಗಿಯೇ ಓದಬೇಕಾಯಿತು. ಕುಡಿದು ತಡವಾಗಿ ಬಂದ ಪೂವಯ್ಯ ಬಾಗಿಲು ತಟ್ಟುವ ದೃಶ್ಯ ಬಂತು. ಚಿಕ್ಕಮ್ಮ ಕೈ ಎತ್ತಿ ನಿಲ್ಲಿಸಿದರು.

"ಬಾಗಿಲು ತಟ್ಟುತ್ತಿರಲಿಲ್ಲ ಮಗಾ" ಅಂದರು. "ಅಂಗಳದಲ್ಲಿ ನಿಂತು ಕೆಮ್ಮುತ್ತಿದ್ದರು. ನಾನು ಎದ್ದಿದ್ದೇನಾ ಅಂತ ನೋಡಲಿಕ್ಕೆ. ಎದ್ದಿಲ್ಲದಿದ್ದರೆ ಜೀಪಿನಲ್ಲೇ ಮಲಗುತ್ತಿದ್ದರು."

ತಟ್ಟುವುದನ್ನು ಹೊಡೆದು ಹಾಕಿ, ಕೆಮ್ಮು ಅಂತ ಬರೆದುಕೊಂಡೆ.